ಪೌಂಡಿಗೆ ಐವತ್ತು

ಐವತ್ತನೆಯ ಗುಂಡು ಎಲ್ಲಿ ಹೋಯಿತು ಎಂಬ ಪ್ರಶ್ನೆ ಮೊನ್ನೆ ಸಂಜೆಯಿಂದ ಸೊಸೆಯ ತಲೆ ಕೊರೆಯುತ್ತಿತ್ತು. ಸೋಫಾದ ಸಂದಿಗೆಲ್ಲ ಕೈ ಹಾಕಿದ್ದಳು, ಕಸದ ಬುಟ್ಟಿಯನ್ನು ಹಳೇ ಪೇಪರಿನ ಮೇಲೆ ಸುರುವಿದ್ದಳು, ಫ್ರಿಜ್ಜನ್ನು ಒಬ್ಬಳೇ ಜರುಗಿಸಿ ಅಡಿಯಲ್ಲಿ ಟಾರ್ಚ್ ಬಿಟ್ಟಿದ್ದಳು. ಮಗುವಿನ ಡೈಪರುಗಳನ್ನು ಕಡ್ಡಿಯಿಂದ ಕೆದಕಿ ನೋಡಿದ್ದಳು. ಅದನ್ನು ಮಾತ್ರ ಗಂಡನಿಗೆ ಹೇಳಿರಲಿಲ್ಲ. ಹದಿನಾಲ್ಕು ತಿಂಗಳ ಪುಟ್ಟಿ ನಿನ್ನೆಯಿಂದ ಬಾಯಿಗಿಟ್ಟದ್ದನ್ನೆಲ್ಲ ಉಗುಳುತ್ತಿದ್ದಳು. ಹಲ್ಲು ಬರುವಾಗ ಹೀಗೇ ಎಂದು ಗಂಡ ಹೇಳಿದ್ದ. ಇರಬಹುದು. ಸೀಸದ ಗುಂಡು ನುಂಗಿದಾಗಲೂ ಹೀಗೇ ಇರಬಹುದು.

ಗುಂಡು ಮಾವನದು. ಮಾವ ಎಂದರೆ ಗಂಡನ ಅಪ್ಪ, ಆ ಮನೆಯ ಏಕೈಕ ವಿದ್ವಾಂಸರು. ವಸ್ತುಸಂಗ್ರಹಾಲಯದ ಕೋವಿ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಗಾಜು ಒರೆಸಿದವರು. ಗಾಜಿನಾಚೆಗಿನ ಕೋವಿ ಮುಟ್ಟಲು ಅವರಿಗೆ ಅನುಮತಿ ಇರಲಿಲ್ಲ. ಪಕ್ಕದ ಚೀಟಿ ಓದಲು ಯಾರೂ ಅಡ್ಡಿ ಮಾಡಲಿಲ್ಲ. ಒರೆಸುತ್ತ ಒರೆಸುತ್ತ ಓದಿದರು, ಓದುತ್ತ ಓದುತ್ತ ಉಬ್ಬಿದರು. ನಿವೃತ್ತರಾಗುವ ಹೊತ್ತಿಗೆ, ಮೂತಿಯಿಂದ ಮದ್ದು ತುಂಬಿ ಗುಂಡು ಜಡಿಯುವ ಹಳೇ ಕೋವಿಗಳ ಬಗ್ಗೆ ಅವರಿಗೆ ತಿಳಿಯದ್ದು ಏನೂ ಉಳಿದಿರಲಿಲ್ಲ, ಹೊಡೆಯುವುದು ಹೇಗೆ ಎಂಬುದೊಂದನ್ನು ಬಿಟ್ಟು. ಈಗ ಅಂಥ ಕೋವಿಗಳ ಹುಚ್ಚು ಹಿಡಿದ ಏಳೆಂಟು ಮುದುಕರ ಕ್ಲಬ್ಬಿಗೆ ಬಾಲ್ಕನಿಯಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಗುಂಡು ಮಾಡಿಕೊಡುತ್ತಾರೆ. ಮುದುಕರು ತಿಂಗಳಿಗೊಮ್ಮೆ ಮೈದಾನಕ್ಕೆ ಹೋಗಿ ಢಂ ಅನ್ನಿಸಿ, ಹೊಗೆ ಕುಡಿದು, ಕೆಮ್ಮುತ್ತ ಮರಳುತ್ತಾರೆ. ಮಾವ ಬೇಲಿಯ ಹೊರಗೆ ನಿಂತು ಅವರ ತಪ್ಪು ಹುಡುಕುತ್ತಾರೆ.

ಮನೆಗೆ ಬಂದರೆ ತಪ್ಪು ಹುಡುಕಲು ಮನೆಯವರಿದ್ದಾರಲ್ಲ. ಹಿಂದೆ ಸೀಸದ ಉಂಡೆ ಉರುಟಾಗಿದ್ದುದರಿಂದ ಅದಕ್ಕೆ ಗುಂಡು ಎಂದು ಹೆಸರು. ಆಮೇಲೆ ಫ್ರೆಂಚ್ ಸೇನಾಧಿಕಾರಿಯೊಬ್ಬ ಮೂತಿ ಚೂಪಾದದ್ದನ್ನು ತಂದ. ಸಿಪಾಯಿಗಳು ಅದನ್ನೂ ಗುಂಡೆಂದೇ ಕರೆದರು. ನೂರೆಪ್ಪತ್ತು ವರ್ಷದ ಹಿಂದಿನ ಈ ಸಂಗತಿ ಮಾವನಿಗೆ ನಿನ್ನೆ ಮೊನ್ನೆ ಯಾರೋ ಕಪಾಳಕ್ಕೆ ಹೊಡೆದಷ್ಟು ಅವಮಾನ. "ಉರುಟಿಲ್ಲದ್ದನ್ನ ಗುಂಡು ಅಂತೀರಲ್ಲ, ನಾಚಿಕೆ ಆಗಲ್ವಾ?" ಎಂದು ಟಿವಿಯಲ್ಲಿ ಸುದ್ದಿ ಓದುವವಳನ್ನು ಬೈಯುತ್ತಾರೆ. ಸಣ್ಣ ಗುಂಡು ದೊಡ್ಡ ನಳಿಗೆಯಲ್ಲಿ ಅಲ್ಲಾಡದಿರಲೆಂದು ತೊಡಿಸುವ ಬಟ್ಟಲಿಗೆ ಸಾಬೋ ಎನ್ನುತ್ತಾರೆ, ಅದು ಫ್ರೆಂಚ್ ರೈತರು ಮೆಟ್ಟುತ್ತಿದ್ದ ಮರದ ಚಪ್ಪಲಿಯ ಹೆಸರು. ಪುಟ್ಟಿಗೆ ಮೊದಲ ಜೊತೆ ಶೂ ತಂದ ದಿನ ಇದರ ಮೇಲೆ ಅರ್ಧ ಗಂಟೆ ಭಾಷಣವಾಯಿತು. ಶೂ ಬಿಗಿಯಾಗಿ ಮಗು ಅಳುತ್ತಿದ್ದುದು ಭಾಷಣಕಾರರ ಕಿವಿಗೆ ಬೀಳಲಿಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ನಂಬರಿನ ಪಾಠ. ಹನ್ನೆರಡರ ಕೋವಿ ಎಂದರೆ, ಒಂದು ಪೌಂಡ್ ಸೀಸಕ್ಕೆ ಅದರ ನಳಿಗೆಗೆ ಕೂರುವ ಗುಂಡುಗಳು ಹನ್ನೆರಡಾಗುತ್ತವೆ. ಐವತ್ತರದ್ದೆಂದರೆ ಐವತ್ತು. ನಂಬರು ಏರಿದಷ್ಟೂ ಗುಂಡು ಸಣ್ಣದು. "ಹನ್ನೆರಡಕ್ಕಿಂತ ಐವತ್ತು ದೊಡ್ಡದು ಅಂತ ನಿಮ್ಮ ಸಿಟಿ ಸ್ಕೂಲಲ್ಲಿ ಹೇಳ್ಕೊಟ್ಟಿರ್ತಾರೆ. ಇಲ್ಲಿ ಅದು ನಡೆಯಲ್ಲಮ್ಮ" ಎಂದು ಸೊಸೆಗೆ ಎಷ್ಟು ಸಲ ಹೇಳಿದ್ದಾರೋ. ಕ್ಲಬ್ಬಿಗೆ ಅವರು ಕೊಡುವುದು ಐವತ್ತರ ಗುಂಡು, ತಗಡಿನ ಡಬ್ಬಿಗೆ ಒಂದು ಪೌಂಡ್. ತೂಗುವುದಿಲ್ಲ, ಎಣಿಸಿ ಮುಚ್ಚಳ ಹಾಕುತ್ತಾರೆ. ತೂಕ ಹೆಸರಲ್ಲೇ ಇರುವಾಗ ತಕ್ಕಡಿ ಹಿಡಿಯುವವನು ದಡ್ಡ ಎಂಬುದು ಅವರ ಮತ.

ಮೊನ್ನೆ ಸಂಜೆ ಸೊಸೆ ಸ್ನಾನಕ್ಕೆ ಹೋದ ಹದಿನೈದು ನಿಮಿಷ ಪುಟ್ಟಿ ಈ ವಿದ್ವಾಂಸರ ಬಳಿ ಇದ್ದಳು. ಅವರು ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ಗುಂಡುಗಳನ್ನು ಉಜ್ಜಿ ಡಬ್ಬಿಗೆ ತುಂಬುತ್ತಿದ್ದರು. ಆಮೇಲೆ ಅವರು ವಾಕಿಂಗಿಗೆ ಹೊರಟ ಕೂಡಲೇ ಸೊಸೆ ಡಬ್ಬಿ ತೆರೆದು ಎಣಿಸಿದಳು. ಒಗೆದ ಅಂಗಿಯ ಬಟನ್ನುಗಳನ್ನೂ ಎಣಿಸಿ ಮಡಿಸುವವಳು ಅವಳು. ನಲವತ್ತೊಂಬತ್ತು. ಎರಡನೇ ಸಲವೂ ನಲವತ್ತೊಂಬತ್ತು.

"ಐವತ್ತಿದೆ" ಎಂದರು ಮಾವ, ಮರಳಿ ಬಂದು ಚಪ್ಪಲಿಯನ್ನೂ ಬಿಡದೆ.

"ನಾನು ಎರಡು ಸಲ ಎಣಿಸ್ದೆ ಮಾವ."

"ಮೂರನೇ ಸಲ ಎಣಿಸು. ಪೌಂಡಿಗೆ ಐವತ್ತು ಬರ್ಲಿಲ್ಲ ಅಂದ್ರೆ ಅದನ್ನ ಐವತ್ತರದ್ದು ಅಂತ ಯಾಕೆ ಕರೀತಾರೆ?"

ಇಂಥ ವಾದಕ್ಕೆ ಉತ್ತರ ಕೊಡುವುದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ಐವತ್ತು ಎರಕ ಹೊಯ್ದದ್ದು ನಿಜ ಎಂದರು, ಒಂದೂ ಕಳೆದಿಲ್ಲ ಎಂದರು, ಡಬ್ಬಿಯಲ್ಲಿ ನಲವತ್ತೊಂಬತ್ತಿದ್ದರೆ ಅದು ಎಣಿಸಿದವರ ದೋಷ ಎಂದರು.

ಅಪ್ಪನ ಮಗನಿಗೂ ಅದೇ ಧಾಟಿ. "ಡಾಕ್ಟರಿಗೆ ಫೋನ್ ಮಾಡ್ಬೇಡ. ನಿನ್ನ ನಂಬರ್ ನೋಡಿದ್ರೇ ಅಲ್ಲಿ ನಗ್ತಾರೆ" ಎಂದ. ಅದು ಸುಳ್ಳಲ್ಲ. ಹೋದ ತಿಂಗಳು ಅವಳು ಮೂರು ಸಲ ಫೋನ್ ಮಾಡಿದ್ದಳು: ಬಿಕ್ಕಳಿಕೆ ನಿಲ್ಲಲಿಲ್ಲವೆಂದು, ಪೇಪರಿನ ಚೂರು ತಿಂದಳೆಂದು, ಹೆಚ್ಚು ಹೊತ್ತು ಮಲಗಿದಳೆಂದು. ಮೂರನೆಯ ಸಲ ಕೌಂಟರಿನ ಹೆಂಗಸು "ಇವತ್ತೇನು ಮೇಡಂ?" ಎಂದು ನಗು ಅದುಮಿಕೊಂಡು ಕೇಳಿದ್ದಳು. ಆ ನಗು ಸೊಸೆಯ ಕಿವಿಯಲ್ಲಿ ಇನ್ನೂ ಇತ್ತು. ಎರಡು ದಿನ ಡೈಪರ್ ಕೆದಕಿದ್ದು ಅದಕ್ಕೇ.

ಇವತ್ತು ಬೆಳಿಗ್ಗೆ ಪುಟ್ಟಿ ಹಾಲನ್ನೂ ಕಕ್ಕಿದಳು. ಗಂಡ ಕೆಲಸಕ್ಕೆ ಹೋಗಿಯಾಗಿತ್ತು. ಸೊಸೆ ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಮಾವನ ಎದುರು ಬಂದು ನಿಂತಳು.

"ಮಾವ, ಮೊನ್ನೆ ಪುಟ್ಟಿ ಗುಂಡು ಮುಟ್ಟಿದ್ಲಾ?"

"ಮುಟ್ಟದೆ ಏನು, ಮಗು ಅಲ್ವಾ. ಸಿಪಾಯಿಗಳು ಹೇಗೆ ಲೋಡ್ ಮಾಡ್ತಿದ್ರು ಅಂತ ತೋರಿಸ್ತಿದ್ದೆ. ಯುದ್ಧದಲ್ಲಿ ಚೀಲಕ್ಕೆ ಕೈ ಹಾಕ್ತಾ ಕೂರೋಕಾಗುತ್ತಾ? ನಾಲ್ಕೈದು ಗುಂಡು ದವಡೇಲಿ ಇಟ್ಕೊಳ್ತಿದ್ರು, ಒಂದೊಂದೇ ನಳಿಗೆಗೆ ಉಗುಳ್ತಿದ್ರು. ನಾನೂ ಒಂದನ್ನ ಹೀಗೆ ಕೆನ್ನೇಲಿ ಇಟ್ಟು ತೋರಿಸ್ದೆ. ಎಷ್ಟು ನಕ್ಕಳು ಗೊತ್ತಾ."

"ಆಮೇಲೆ?"

"ಕೈ ಚಾಚಿದ್ಲು. ಒರೆಸಿ ಕೊಟ್ಟೆ."

"ವಾಪಸ್ ತಗೊಂಡ್ರಾ?"

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸತೊಡಗಿದರು. ಇಪ್ಪತ್ತೊಂಬತ್ತು ವರ್ಷ ಒರೆಸಿದ ಕೈ, ಬೇರೇನೂ ತೋಚದಾಗ ಅದನ್ನೇ ಮಾಡುತ್ತದೆ.

ಸೊಸೆ ಫೋನ್ ತೆಗೆದಳು.

"ಹೇಳಿ ಮೇಡಂ, ಇವತ್ತೇನು?" ಅದೇ ಹೆಂಗಸು, ಅದೇ ದನಿ.

"ಮಗು ಸೀಸದ ಗುಂಡು ನುಂಗಿರಬಹುದು. ತಿಂದದ್ದು ನಿಲ್ತಿಲ್ಲ."

"ಏನು ಸೈಜು?" ದನಿಯಲ್ಲಿ ನಗು ಇರಲಿಲ್ಲ.

"ಐವತ್ತರದ್ದು ಅನ್ನಮ್ಮ" ಎಂದರು ಮಾವ ಹಿಂದಿನಿಂದ.

"ಐವತ್ತಾ? ಐವತ್ತು ಏನು? ಮಿಲಿಮೀಟರಾ?"

"ಅವ್ರಿಗೆ ತಿಳಿಯಲ್ಲ. ನೂರ ನಲವತ್ತು ಗ್ರೇನ್ ತೂಕ ಅಂತ ಹೇಳು. ಗ್ರೇನ್ ಅಂದ್ರೆ ಬಾರ್ಲಿ ಕಾಳಿನ..."

ಸೊಸೆ ಅವರ ಕಡೆ ನೋಡಲಿಲ್ಲ. ಡಬ್ಬಿಯಿಂದ ಒಂದು ಗುಂಡು ತೆಗೆದು ಸ್ಕೇಲಿನ ಮೇಲಿಟ್ಟು ಕಣ್ಣು ಹತ್ತಿರ ತಂದಳು. ಇಷ್ಟು ವರ್ಷದ ಪಾಂಡಿತ್ಯದಲ್ಲಿ ಆಸ್ಪತ್ರೆಗೆ ಬೇಕಾದ ಒಂದು ಪದವೂ ಇರಲಿಲ್ಲ.

"ಹನ್ನೊಂದೂವರೆ ಮಿಲಿಮೀಟರ್" ಎಂದಳು. "ಉರುಟು."

"ಈಗಲೇ ಕರ್ಕೊಂಡು ಬನ್ನಿ, ಎಕ್ಸ್‌ರೇ ತೆಗೀಬೇಕು. ಬಾಯಿಗೆ ಏನೂ ಹಾಕ್ಬೇಡಿ. ಡಾಕ್ಟರಿಗೆ ನಾನು ಹೇಳಿಟ್ಟಿರ್ತೀನಿ. ನುಂಗಿ ಎಷ್ಟು ಹೊತ್ತಾಯ್ತು?"

"ಮೊನ್ನೆ ಸಂಜೆ."

ಆ ಕಡೆ ಪೆನ್ನಿನ ಸದ್ದು ನಿಂತಿತು. "ಮೊನ್ನೆಯಾ? ಇಷ್ಟು ಹೊತ್ತು ಯಾಕೆ ಫೋನ್ ಮಾಡ್ಲಿಲ್ಲ ಮೇಡಂ?"

"ನೀವು ನಗ್ತೀರ ಅಂತ" ಎಂದಳು ಸೊಸೆ.