ಧನಿಗಳು ರಿಪೇರಿ ಮಾಡಿಸಿದ ಮಾಡು

ಬಾಡಿಗೆ ಮನೆಯ ಮಾಡು ಸೋರುತ್ತದೆಂದು ದೂರುವವರಿಗೆ ನಾನು ಈಗಲೂ ಹೇಳುವುದು ಇಷ್ಟೇ: ಬಕೆಟ್ ಇಟ್ಟುಕೊಂಡು ಸುಮ್ಮನಿರಿ.

ಎಪ್ಪತ್ತರ ದಶಕದ ಕೊನೆಗೆ ಕೆಲಸದ ಮೇಲೆ ರಾಮಕುಂಜದಲ್ಲಿದ್ದೆ. ನಾವಿದ್ದ ಬಾಡಿಗೆ ಮನೆ ತಮ್ಮ ಮಗಳಿಗೆ ಬೇಕೆಂದು ಮನೆಯ ಧನಿಗಳು ಊರವರ ಹತ್ತಿರ ಹೇಳುತ್ತಿದ್ದರಂತೆ. ನನ್ನ ಹತ್ತಿರ ಹೇಳಿದ್ದಿಲ್ಲ. ನಾನು ಮಾತ್ರ ಕಂಡಾಗಲೆಲ್ಲ ಸೋರುವ ಮಾಡಿನ ಸುದ್ದಿ ತೆಗೆಯುತ್ತಿದ್ದೆ. ಬೇಸಿಗೆಯಲ್ಲಿ ಒಂದು ದಿನ ಅವರೇ ಬಂದು, "ಮಳೆಗೆ ಮೊದಲು ಹೊಸ ಹಂಚು ಹಾಕುವ ಮಾರಾಯ್ರೆ. ಜನ ನೀವೇ ಗೊತ್ತು ಮಾಡಿ" ಎಂದರು. ಕೆದಂಬಾಡಿಗೆ ಹೋಗಿ ಹಂಚಿನ ಕೆಲಸದ ಬಾಬಣ್ಣನನ್ನು ಗೊತ್ತು ಮಾಡಿ ಬಂದೆ.

ಕೆಲಸದ ದಿನ ಮಂಚ, ಪಾತ್ರೆ, ದೇವರ ಪಟ ಎಲ್ಲ ಅಂಗಳಕ್ಕೆ ಬಂತು. ಹಂಚಿನ ಕೆಲಸವೆಂದರೆ ನೆರೆಕರೆಯವರು ಕರೆಯದೆಯೂ ಬರುತ್ತಾರೆ. ಬಾಬಣ್ಣ ಮಾಡಿನಿಂದ ಇಳಿಸಿದ ಹಂಚನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಸಾಲಿನಲ್ಲಿ ನಾನೂ ಇದ್ದೆ. ಹೆಂಡತಿ ಎಲ್ಲರಿಗೂ ಅವಲಕ್ಕಿ, ಚಾ ಕೊಟ್ಟಳು. ಹಳೆ ಹಂಚನ್ನು ಧನಿಗಳ ಲಾರಿ ಕೊಂಡುಹೋಯಿತು. ಬಾಬಣ್ಣ ಕೈಕಾಲು ತೊಳೆದು ಹೊರಟ.

"ಹೊಸತು ಹಾಕುದು ನಾಳೆಯಾ?" ಎಂದೆ.

"ಎಂತ ಹೊಸತು? ಇಳಿಸಿ ಕೊಟ್ಟರೆ ಸಾಕು ಅಂತ ನಿನ್ನೆ ಧನಿಗಳು ಹೇಳಿದ್ರಲ್ಲ. ನೀವು ಮನೆ ಬಿಡುದಂತೆ. ನಿಮಗೆ ಗೊತ್ತುಂಟಲ್ಲ?"

ನೆರೆಕರೆಯವರು ಚಾ ಲೋಟ ಕೆಳಗಿಟ್ಟು ಒಬ್ಬೊಬ್ಬರಾಗಿ ಜಾರಿದರು. ಅಂಗಳದ ಸಾಮಾನು ಮತ್ತೆ ಒಳಗೆ ಹೋಗಲೇ ಇಲ್ಲ.

ನಾವು ಹೊರಡುವಾಗ ಧನಿಗಳು ಬಂದರು. "ನಾನು ನಿಮ್ಮನ್ನು ಹೋಗಿ ಅಂತ ಹೇಳಿದ್ದುಂಟಾ?" ಎಂದು ಕೇಳಿದರು.

ಹೇಳಿರಲಿಲ್ಲ, ನಿಜ. ಮಾಡು ಸೋರುವುದನ್ನೂ ನಿಲ್ಲಿಸಿಕೊಟ್ಟಿದ್ದರು.