ಆನೆ ಉಳಿಸಿಕೊಟ್ಟ ಬೀಜ

ನಮ್ಮ ಕಾಫಿ ತೋಟದಲ್ಲಿ ಹಲಸನ್ನು ನಾವೀಗ ಹಣ್ಣಾಗಲು ಬಿಡುವುದಿಲ್ಲ. ಎಳೆಗಾಯಿಯಲ್ಲೇ ಕೆಡವಿ, ಗುಂಡಿ ತೋಡಿ ಹೂಳುತ್ತೇವೆ. ಹಣ್ಣಿನ ವಾಸನೆಗೆ ಆನೆ ಬರುತ್ತದೆ. ಪಾಳ್ಯದಿಂದ ಕೆ. ಹೊಸಕೋಟೆಯವರೆಗೂ ಇದೇ ಪದ್ಧತಿ. 'ಹಸಿದು ಹಲಸು, ಉಂಡು ಮಾವು' ಎನ್ನುತ್ತಿದ್ದವರು ಹಲಸನ್ನೇ ಮಣ್ಣು ಮಾಡುತ್ತಿದ್ದೇವೆ.

ಹಳ್ಳದ ಪಕ್ಕದ ಮರದ್ದು ಕೆಂಪು ತೊಳೆ. ಅಂಥ ರುಚಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ತಿಂದೇ ಈ ಮನೆಗೆ ಒಗ್ಗಿಕೊಂಡೆ ಎಂದರೆ ಗಂಡ ಇಂದಿಗೂ ನಗುತ್ತಾರೆ. ಅದರಿಂದ ಕಟ್ಟಿಸಿದ ಕಸಿಗಳೆಲ್ಲ ಒಣಗಿದವು. ಹೋದ ವರ್ಷ ಕಾಫಿಗೆ ನೆರಳಾದ ಮರಗಳ ಕೊಂಬೆ ಕಡಿಸುವಾಗ ಆ ಮರವನ್ನೇ ಉರುಳಿಸುವ ಮಾತು ಬಂತು. ಬೀಜಕ್ಕೆ ಒಂದೇ ಒಂದು ಕಾಯಿ ಬಿಡಿ ಎಂದು ಹಟ ಹಿಡಿದೆ. ಬಿಟ್ಟರು. ಹಣ್ಣಾಗುತ್ತಲೇ ಆನೆ ಬಂದು ತಿಂದು, ಕಾಫಿ ಗಿಡ ತುಳಿದು ಹೋಯಿತು. ಗಂಡ ಮರ ಕಡಿಸಿದರು. ನಾನು ಆ ದಿನ ಉಣ್ಣಲಿಲ್ಲ.

ಮಳೆ ಹಿಡಿದ ಮೇಲೆ ಹಳ್ಳದಾಚೆಯ ಲದ್ದಿಯಲ್ಲಿ ಹಲಸಿನ ಬೀಜ ಮೊಳೆತಿತ್ತು. ಸುತ್ತಲಿನವರೆಲ್ಲ ಕಾಯಿ ಹೂತಿದ್ದರಿಂದ ಅದು ನಮ್ಮ ಮರದ್ದೇ ಎಂದುಕೊಂಡೆ. ಬೀಜದ ಗಿಡ ತಾಯಿಯಂತೆಯೇ ಆಗುತ್ತದೆಂಬ ಖಾತ್ರಿಯಿಲ್ಲ. ಆದರೂ ಅದನ್ನು ತಂದು ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟು ಸಾಕಿದೆ. ಕುಂದೂರಿನ ನೆಂಟರಿಗೆ ಕೊಡಲು ಹೋದರೆ, "ಬೇರೆ ಏನಾರ ಕೊಡಿ, ಆನೆ ಕರೆಯೋ ಗಿಡ ಬ್ಯಾಡ ಕಣ್ರೀ" ಅಂದರು.

ಕೊನೆಗೆ ಗಂಡನೇ ಸೋತು, "ಅಂಗಳದಲ್ಲೇ ನೆಡು, ಸುತ್ತ ಸೋಲಾರ್ ಬೇಲಿ ಐತಲ್ಲ" ಎಂದರು. ಗುದ್ದಲಿ ಹಿಡಿದು ಹೊರಟೆ. ಕೆಲಸಕ್ಕೆ ಬಂದಿದ್ದ, ತೋಟದಾಳುಗಳ ಲೈನ್ ಮನೆಯ ಹೆಂಗಸು ಅಡ್ಡ ನಿಂತಳು. ಹಿಂದೊಮ್ಮೆ ಆನೆ ಅಟ್ಟಿಸಿಕೊಂಡು ಬಂದಾಗ ಅವಳ ಗಂಡ ಬಿದ್ದು ಕಾಲು ಮುರಿದುಕೊಂಡಿದ್ದ.

"ಅಮ್ಮಾ, ನಿಮ್ಗೆ ಬೇಲಿ ಐತೆ. ಬೇಲಿ ಮುಟ್ಟಿ ಬೆದರಿದ ಆನೆ ತಿರುಗೋದು ನಮ್ ಲೈನ್ ಕಡೀಕೇ ಅಲ್ವಾ? ನಮ್ಗೇನೈತೆ?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಯಾರ ಮೇಲೆಂದು ನನಗೇ ತಿಳಿಯಲಿಲ್ಲ. ಬೇರೆಲ್ಲಾದರೂ ಒಯ್ಯೋಣವೆಂದು ಚೀಲ ಎತ್ತಹೋದೆ. ಏಳಲಿಲ್ಲ. ತಾಯಿಬೇರು ಚೀಲ ತೂರಿ ನೆಲಕ್ಕಿಳಿದಿತ್ತು. ಅದು ಹರಿದರೆ ಹಲಸು ಬದುಕುವುದಿಲ್ಲ.

ಅವಳೂ ಬಗ್ಗಿ ನೋಡಿದಳು. "ಅಯ್ಯೋ, ಬೇರು ಇಳಿದ್ಬುಟ್ಟೈತಲ್ಲಮ್ಮಾ." ಆಮೇಲೆ ಸೊಂಟದ ಕತ್ತಿ ತೆಗೆದು ನನ್ನ ಕೈಗಿಟ್ಟು, ಆ ಕಡೆ ತಿರುಗಿ ನಿಂತಳು.

ಗಿಡವನ್ನು ಬುಡಕ್ಕೇ ಕೊಯ್ದೆ. ಅಷ್ಟು ಸಣ್ಣ ಗಿಡದಲ್ಲೂ ಮೇಣ ಬಂತು. ಒಳಗೆ ಹೋಗಿ ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಮೇಣವೆಲ್ಲ ಒರೆಸಿ, ಅವಳಿಗೆ ವಾಪಸು ಕೊಟ್ಟೆ.