ಗಂಗಣ್ಣನಿಗೆ ಸಿಗದ ಅನುಭವ ಪತ್ರ

ಗಂಗಣ್ಣ, ನೀನು ಫ್ಯೂಸ್ ಕಿತ್ತಿದ್ದೆ. ಅದನ್ನು ನಾನು ನೋಡಿದ್ದೆ. ನೋಡಲಿಲ್ಲ ಎಂದು ಹೇಳಿದ್ದು ಸುಳ್ಳು.

ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಸರಿಯಾಗಿ ಹೇಳುತ್ತೇನೆ. ಬಾಶೆಟ್ಟಿಹಳ್ಳಿಯಲ್ಲಿ ಆಗ ಏಳುತ್ತಿದ್ದ ಗೋದಾಮಿನೊಳಗೆ, ಮೇನ್ ಬೋರ್ಡಿನಿಂದ ಆರು ಹೆಜ್ಜೆ ದೂರದಲ್ಲಿ, ಪೈಪು ಕೊಯ್ಯುವ ಗರಗಸ ಹಿಡಿದು ನಿಂತಿದ್ದೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಕಟ್ಟುತ್ತಿದ್ದ ಕಾಲ. ಯುಗಾದಿ ಕಳೆದ ಎರಡನೇ ಮಂಗಳವಾರ. ಬೆಳಗಿನ ಟೀ ಕುಡಿದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಬೋರ್ಡು ನನ್ನ ಎಡಕ್ಕೆ, ನಿನ್ನ ಏಣಿ ಬಲಕ್ಕೆ. ಎರಡೂ ಕಾಣುತ್ತಿದ್ದವು — ಅಡ್ಡ ಏನೂ ಇರಲಿಲ್ಲ.

ಯಾರ ಕೈ ವೈರಿನ ಮೇಲಿರುತ್ತದೋ, ಆ ಲೈನಿನ ಫ್ಯೂಸ್ ಅವರ ಜೇಬಿನಲ್ಲೇ ಇರಬೇಕು — ನಮ್ಮ ತಂಡಕ್ಕೆ ಈ ಪದ್ಧತಿ ಕಲಿಸಿದವನು ನೀನು. ಅವತ್ತೂ ಪಿಂಗಾಣಿ ಫ್ಯೂಸನ್ನು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡೆ. ಜೇಬು ತಟ್ಟಿ ನನಗೆ ಹೇಳಿದೆ: "ಲೇ ಮುನಿರಾಜ, ನನ್ ಜೀವ ಇಲ್ಲೈತೆ ಕಣೋ. ಮರ್ತು ಮನೇಗ್ ಹೋದ್ರೆ ನಿಮ್ಮತ್ತಿಗೆ ಇದ್ನೂ ಸೇರ್ಸಿ ಒಗ್ದಾಕ್ಬಿಡ್ತಾಳೆ!" ನಾನು ನಕ್ಕೆ. ನೀನು ಏಣಿ ಹತ್ತಿದೆ.

ಅದೇ ಲೈನಿನಲ್ಲಿ ಬಡಗಿಗಳ ಮೆಷಿನ್ನೂ ಇತ್ತು. ಕರೆಂಟು ಹೋಯಿತೆಂದು ಅವರು ಕೂಗಾಡಿದರು. ಮೇಸ್ತ್ರಿ ಶಿವರಾಜು, ಕಂಟ್ರಾಕ್ಟರನ ಭಾವಮೈದುನ, ಬಂದವನೇ ಬೋರ್ಡಿನಲ್ಲಿ ಖಾಲಿ ಜಾಗ ನೋಡಿದ. ಖಾಲಿ ಇದ್ದರೆ ಯಾರೋ ಮೇಲಿದ್ದಾರೆ ಎಂದರ್ಥ. ಅದು ಅವನಿಗೂ ಗೊತ್ತಿತ್ತು. ಪಕ್ಕದ ಲೈನಿನ ಫ್ಯೂಸ್ ಕಿತ್ತ. ಅದನ್ನು ಹಿಡಿದ ಅವನ ಕೈ ನಿನ್ನ ಲೈನಿನ ಖಾಲಿ ಜಾಗಕ್ಕೆ ಹೋಗುವುದನ್ನು ನಾನು ನೋಡುತ್ತಲೇ ಇದ್ದೆ. ಕೂಗಬಹುದಿತ್ತು. ಮೇಸ್ತ್ರಿಗೆ ನಾನು ಹೇಳುವುದೇ ಎಂದು ಒಂದು ಕ್ಷಣ — ಅಷ್ಟೇ ಸಾಕಾಯಿತು.

ಕರೆಂಟು ಹೊಡೆದು ನೀನು ಬಿದ್ದೆ. ಬಲಗೈ ಮೈಯಡಿಗೆ ಸಿಕ್ಕಿಕೊಂಡಿತ್ತು. ಟೆಂಪೊಗೆ ಎತ್ತುವಾಗ ನಿನ್ನ ಎದೆಯ ಹತ್ತಿರ ಗಟ್ಟಿಯಾಗಿ ಏನೋ ಕೈಗೆ ತಗುಲಿತು — ಫ್ಯೂಸು. "ಅದ್ನ ಇತ್ತ ಕೊಡೋ," ಎಂದ ಶಿವರಾಜು. ತೆಗೆದುಕೊಟ್ಟೆ. ನಿನಗೆ ಎಚ್ಚರವಿರಲಿಲ್ಲ.

ಆ ತಿಂಗಳು ನಾವಿಬ್ಬರೂ ಟ್ರೇಡ್ ಟೆಸ್ಟಿಗೆ ಅರ್ಜಿ ಹಾಕುವವರಿದ್ದೆವು. ಐಟಿಐ ಓದದ ನಮ್ಮಂಥವರು ಎಲೆಕ್ಟ್ರಿಷಿಯನ್ ಪರೀಕ್ಷೆಗೆ ಕೂರಬೇಕಾದರೆ, ಮೂರು ವರ್ಷ ಕೆಲಸ ಮಾಡಿದ್ದಾರೆಂದು ಕಂಟ್ರಾಕ್ಟರ್ ಬರೆದು ಸಹಿ ಹಾಕಬೇಕಿತ್ತು. ಆ ಅನುಭವ ಪತ್ರವಿಲ್ಲದ ಅರ್ಜಿಯನ್ನು ಕಚೇರಿಯಲ್ಲಿ ಮುಟ್ಟುತ್ತಿರಲಿಲ್ಲ. ಪಾಸಾದರೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಗುವ ಆಸೆ. ನಿನಗೆ ಐದು ವರ್ಷ ತುಂಬಿತ್ತು. ನನಗೆ ಮೂರು ತುಂಬಲು ಇನ್ನೂ ನಾಲ್ಕು ತಿಂಗಳು ಬಾಕಿ; ಕಂಟ್ರಾಕ್ಟರ್ ಮನಸ್ಸು ಮಾಡಿದರೆ ಮಾತ್ರ ಪತ್ರ.

ಹನ್ನೆರಡು ದಿನ ಕಳೆದು, ಮುರಿದ ಕೈಗೆ ಕಟ್ಟು ಹಾಕಿಸಿಕೊಂಡು ನೀನು ಪತ್ರ ಕೇಳಲು ಬಂದೆ.

"ಫ್ಯೂಸ್ ಕೀಳೋದ್ನೇ ಮರ್ತೋನಿಗೆ ಅನುಭವ ಅಂತ ಯಾವ್ ಬಾಯಲ್ಲಿ ಬರ್ಕೊಡ್ಲಪ್ಪಾ?" ಎಂದ ಕಂಟ್ರಾಕ್ಟರ್.

"ಕಿತ್ತಿದ್ದೆ ಸಾರ್, ಜೇಬಲ್ಲೇ ಇತ್ತು. ಬೇಕಾದ್ರೆ ಇವನ್ನೇ ಕೇಳಿ." ನನ್ನ ಕಡೆ ತಿರುಗಿದೆ. "ಹೇಳೋ ಮುನಿರಾಜ."

"ನಾನು ನೋಡ್ಲಿಲ್ಲ ಸಾರ್."

ಇಷ್ಟೇ ನಾನು ಹೇಳಿದ್ದು. ನೀನು ಬೈಯಲಿಲ್ಲ. "ಆಯ್ತು ಬಿಡು ಗುರು," ಎಂದೆ. ಅಲ್ಲಿಯವರೆಗೆ ನೀನು ನನ್ನನ್ನು ಒಮ್ಮೆಯೂ ಗುರು ಎಂದು ಕರೆದಿರಲಿಲ್ಲ; ಅದು ನೀನು ಗುರುತಿಲ್ಲದ ಆಟೋದವರನ್ನು ಕರೆಯುವ ರೀತಿ.

ಅದೇ ಸಂಜೆ ನನ್ನ ಅನುಭವ ಪತ್ರ ಸಿಕ್ಕಿತು. ಮೂರು ವರ್ಷ ಪೂರ್ತಿ ಎಂದು ಬರೆದಿತ್ತು.

ಪರೀಕ್ಷೆಯ ದಿನ, ಲೈನು ಮುಟ್ಟುವ ಮುಂಚೆ ಏನು ಮಾಡುತ್ತೀಯ ಎಂದು ಕೇಳಿದರು. ಫ್ಯೂಸ್ ಕಿತ್ತು ನನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ ಎಂದೆ. ಪರೀಕ್ಷಕರು ತಲೆಯಾಡಿಸಿ, ಚೆನ್ನಾಗಿ ಕಲಿಸಿದ್ದಾರೆ ಎಂದರು. ಯಾರು ಕಲಿಸಿದ್ದು ಎಂದು ಕೇಳಲಿಲ್ಲ. ಕೇಳಿದ್ದರೂ —

ನಿನ್ನ ಕೈ ಕೂಡಿತು. ಆದರೆ 'ಫ್ಯೂಸ್ ಮರೆತ ಗಂಗ' ಎಂಬ ಹೆಸರು ನಿಂತುಬಿಟ್ಟಿತು. ಬೇರೆ ಕಂಟ್ರಾಕ್ಟರುಗಳೂ ನಿನ್ನನ್ನು ಏಣಿ ಹತ್ತಲು ಬಿಡಲಿಲ್ಲ. ನೆಲಮಂಗಲದಲ್ಲಿ ಲಾರಿಗೆ ಲೋಡು ಮಾಡುವ ಕೆಲಸಕ್ಕೆ ಸೇರಿದೆ ಎಂದು ಕೇಳಿದೆ. ನಾನು ಹದಿನಾಲ್ಕು ವರ್ಷ ವಿಮಾನ ನಿಲ್ದಾಣದ ದೀಪಗಳನ್ನು ನೋಡಿಕೊಂಡೆ. ನೋಡಲಿಲ್ಲ ಎಂದು ಯಾಕೆ ಹೇಳಿದೆ ಎಂಬುದಕ್ಕೆ ಇಷ್ಟು ವರ್ಷ ನನಗೆ ನಾನೇ ಕೊಟ್ಟುಕೊಂಡ ಕಾರಣಗಳಿವೆ. ಅವನ್ನು ಇಲ್ಲಿ ಬರೆಯುವುದಿಲ್ಲ.

ಇದನ್ನು ಎರಡು ಪ್ರತಿ ಮಾಡಿ ಸಹಿ ಹಾಕಿದ್ದೇನೆ. ಒಂದು ನಿನಗೆ, ಯಾರಿಗೆ ಬೇಕಾದರೂ ತೋರಿಸು. ಇನ್ನೊಂದನ್ನು ಕಂಟ್ರಾಕ್ಟರನ ಕೈಗೆ ನಾನೇ ಕೊಡುತ್ತೇನೆ. ಶಿವರಾಜು ತೀರಿಕೊಂಡು ಎರಡು ವರ್ಷವಾಯಿತು, ಅವನನ್ನು ಕೇಳುವಂತಿಲ್ಲ. ಆದರೆ ಅವತ್ತು ಬೋರ್ಡಿನ ಆಚೆ ಹಸಿ ಗೋಡೆಗೆ ನೀರು ಹಾಕುತ್ತಿದ್ದ ಒಬ್ಬಳು ಇದ್ದಳು — ರತ್ನಮ್ಮ. ಹೋದ ಭಾನುವಾರ ಅವಳ ಊರು ಸಾಸಲಿಗೆ ಹೋಗಿ ಅವಳನ್ನು ಕಂಡೆ.

"ಎಲ್ಲಾ ನೋಡ್ದೆ ಕಣಪ್ಪಾ," ಎಂದಳು. "ನೀನು ಅವ್ನ ಜೇಬಿಂದ ತೆಗ್ದಿದ್ದೂ ನೋಡ್ದೆ. ಗಾರೆ ಹೊರೋಳ್ನ ಯಾರ್ ಕೇಳ್ತಾರೆ ಅಂತ ಸುಮ್ಕಾದೆ. ನೀನಿದ್ಯಲ್ಲ, ಹೇಳ್ತೀಯ ಅನ್ಕೊಂಡೆ."

ನೋಡಿದವರಲ್ಲಿ ಇವತ್ತಿಗೂ ಬದುಕಿರುವವರು ಇಬ್ಬರು: ಸಾಸಲಿನ ರತ್ನಮ್ಮ, ಮತ್ತು ನಾನು.